ಚುಕ್ಕಾಣಿ ಹಿಡಿದವನ ಸಾಮ್ರಾಜ್ಯದಲ್ಲಿ ಐದು ದಿನ

ಅಪ್ಪ ಮಲೆನಾಡಿನ ಸಾಗರದಿಂದ ಬಂದು ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಮನೆಯಲ್ಲಿ ಮೂರು ತಿಂಗಳು ಇದ್ದರು. 32 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಇತಿಹಾಸ ಕಲಿಸಿದವರು. ಮಳೆ ಹಿಡಿದ ಒಂದು ಮಧ್ಯಾಹ್ನ ಗ್ರಂಥಾಲಯದಿಂದ ಮನೆಗೆ ಬಂದವರೇ ಕೋಟನ್ನೂ ತೆಗೆಯದೆ, "ಪುಟ್ಟಿ, ಈ ನಿಮ್ಮ ದೇಶ ಒಂದು ಸಲ ರೋಮಿನಿಂದ ಸಿಡಿದು ಹತ್ತು ವರ್ಷ ಬೇರೆಯೇ ಸಾಮ್ರಾಜ್ಯವಾಗಿತ್ತಂತೆ. ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದವನೊಬ್ಬ ಚಕ್ರವರ್ತಿಯಾಗಿದ್ದನಂತೆ. ಇಷ್ಟು ವರ್ಷ ರೋಮಿನ ಪಾಠ ಮಾಡಿದೆ, ಅವನ ಹೆಸರನ್ನು ಒಂದು ಸಲವೂ ಹೇಳಲಿಲ್ಲವಲ್ಲ" ಎಂದರು.

ಆ ಮನುಷ್ಯನ ಹೆಸರು ಕರೌಸಿಯಸ್. ಇಂದಿನ ಬೆಲ್ಜಿಯಂ ಕರಾವಳಿಯ ಮೆನಾಪಿ ಎಂಬ ಜನಾಂಗದವನು, ಬಡ ಕುಟುಂಬದಲ್ಲಿ ಹುಟ್ಟಿದವನು. ಕ್ರಿ.ಶ. 286ರ ಹೊತ್ತಿಗೆ ಇಂಗ್ಲಿಷ್ ಕಡಲ್ಗಾಲುವೆಯ ರೋಮನ್ ನೌಕಾಪಡೆ ಅವನ ಕೈಯಲ್ಲಿತ್ತು. ಫ್ರಾಂಕ್ ಮತ್ತು ಸ್ಯಾಕ್ಸನ್ ಕಡಲ್ಗಳ್ಳರನ್ನು ಹಿಡಿಯುವುದು ಅವನ ಕೆಲಸ. ಕಳ್ಳರು ಲೂಟಿ ಮಾಡಿ ಹಿಂತಿರುಗುವಾಗ ಹಿಡಿದು, ಆ ಲೂಟಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ ಎಂಬ ದೂರು ಹೋಯಿತು. ಚಕ್ರವರ್ತಿ ಮ್ಯಾಕ್ಸಿಮಿಯನ್ ಅವನನ್ನು ಕೊಲ್ಲಲು ಆಜ್ಞೆ ಮಾಡಿದ. ಕರೌಸಿಯಸ್ ತಾನೇ ಚಕ್ರವರ್ತಿ ಎಂದು ಘೋಷಿಸಿಕೊಂಡು ಬ್ರಿಟನ್ನನ್ನೂ ಎದುರು ದಡದ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಕಡೆ) ಒಂದು ತುಂಡನ್ನೂ ಏಳು ವರ್ಷ ಆಳಿದ. ಗಾಲ್‌ನಲ್ಲಿ ಪೋಸ್ಟುಮಸ್ ಎಂಬವನು ಕಟ್ಟಿದ್ದ ಇಂಥದೇ ಬೇರೆ ರಾಜ್ಯ ಮುಗಿದು ಆಗ ಹನ್ನೆರಡು ವರ್ಷವಷ್ಟೇ ಆಗಿತ್ತು.

ಏಪ್ರಿಲ್ ಮೊದಲ ವಾರ ನನಗೆ ರಜೆ ಸಿಕ್ಕಿತು. ಅಮ್ಮ ಸಾಗರದಿಂದ ಕಳಿಸಿದ್ದ ಚಟ್ನಿಪುಡಿ, ಹುರಿದ ಅವಲಕ್ಕಿ, ಎರಡು ಕೊಡೆ ಕಾರಿಗೆ ಹಾಕಿಕೊಂಡು ಹೊರಟೆವು.

ಮೊದಲ ದಿನ: ರಿಚ್‌ಬರೋ

ಕೆಂಟ್ ಪ್ರಾಂತ್ಯದ ಸ್ಯಾಂಡ್‌ವಿಚ್ ಪುಟ್ಟ ಊರು. ಬೀದಿಗಳು ಎಷ್ಟು ಕಿರಿದೆಂದರೆ ಎರಡೂ ಬದಿಯ ಮರದ ಮನೆಗಳ ಮೇಲಂತಸ್ತುಗಳು ಮುಂದಕ್ಕೆ ಬಾಗಿ ಮಾತಾಡಿಕೊಳ್ಳುವಂತೆ ಕಾಣುತ್ತವೆ. ಕಾರನ್ನು ಊರಿನಲ್ಲೇ ಬಿಟ್ಟು ಸ್ಟೌರ್ ನದಿಯ ಪಕ್ಕದ ಕಾಲುದಾರಿ ಹಿಡಿದೆವು. ರಿಚ್‌ಬರೋ ಕೋಟೆಗೆ ಅರ್ಧ ಗಂಟೆಯ ನಡಿಗೆ. ಹಿಂದಿನ ರಾತ್ರಿ ಮಳೆ ಸುರಿದದ್ದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಬೇಲಿಯ ಹತ್ತಿರ ಅಪ್ಪನ ಬಲಗಾಲಿನ ಬೂಟು ಕೆಸರಿನಲ್ಲಿ ಹೂತು ಅಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಹಿಂದೆ ನಾಯಿಯೊಂದಿಗೆ ಬರುತ್ತಿದ್ದ ಹೆಂಗಸು ಕೈಯಲ್ಲಿದ್ದ ಊರುಗೋಲು ಹಾಕಿ ಬೂಟನ್ನು ಎತ್ತಿಕೊಟ್ಟರು. "ಏಪ್ರಿಲ್‌ನಲ್ಲಿ ಇಲ್ಲಿಗೆ ಗಂಬೂಟು ಹಾಕಿಕೊಂಡೇ ಬರಬೇಕು" ಎಂದು ಹೇಳಿ, ಮುಂದಿನ ಒಳ್ಳೆಯ ದಾರಿಯನ್ನೂ ತೋರಿಸಿದರು. ಮಳೆಗಾಲದಲ್ಲಿ ಗದ್ದೆಯ ಅಂಚಿನಲ್ಲಿ ನಡೆದು ಬೆಳೆದ ಅಪ್ಪನಿಗೆ ಆ ಕೆಸರು ಬೇಸರ ತರಲಿಲ್ಲ. ಬೂಟು ಹಿಂಡಿಕೊಂಡು ಮುಂದೆ ನಡೆದರು.

ಕೋಟೆ ಕಂಡಾಗ ಇಬ್ಬರೂ ನಿಂತೆವು. ಬಯಲಿನ ನಡುವೆ ಬೂದು ಗೋಡೆ, ಕೆಲವು ಕಡೆ 8 ಮೀಟರ್ ಎತ್ತರ. ಕೈ ಚಾಚಿದರೂ ದಪ್ಪ ಅಳೆಯಲಾಗುವುದಿಲ್ಲ, 3 ಮೀಟರಿಗೂ ಮಿಗಿಲು. ಕಲ್ಲಿನ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿ ಓಡುತ್ತದೆ. ಮೂರು ಬದಿ ನಿಂತಿದೆ. ಪೂರ್ವದ ಬದಿ ಎಂದೋ ದಿಬ್ಬದಿಂದ ಕೆಳಗೆ ಜಾರಿಹೋಗಿದೆ. ಆಗ ಈ ದಿಬ್ಬದ ಬುಡದವರೆಗೂ ಕಡಲಿತ್ತು, ಹಡಗುಗಳು ಇಲ್ಲಿಯೇ ಲಂಗರು ಹಾಕುತ್ತಿದ್ದವು. ಈಗ ನೀರು ಹಿಂದೆ ಸರಿದು ಹುಲ್ಲುಗಾವಲಾಗಿದೆ, ಕುರಿಗಳು ಮೇಯುತ್ತವೆ.

ನಡುವೆ ನೆಲದಲ್ಲಿ ಶಿಲುಬೆಯಾಕಾರದ ಒಂದು ದೊಡ್ಡ ಗಾರೆಯ ಜಗಲಿ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನನ್ನು ಗೆಲ್ಲಲು ಕಾಲಿಟ್ಟ ಜಾಗ ಇದು. ಆ ಗೆಲುವಿನ ನೆನಪಿಗೆ, ಸುಮಾರು 25 ಮೀಟರ್ ಎತ್ತರದ ಕಮಾನನ್ನು ಇಟಲಿಯ ಅಮೃತಶಿಲೆ ಹೊದಿಸಿ ಇಲ್ಲಿ ನಿಲ್ಲಿಸಿದ್ದರು. 3ನೆಯ ಶತಮಾನದ ಕೊನೆಯಲ್ಲಿ ಕೋಟೆ ಕಟ್ಟುವವರು ಅದನ್ನು ಕೆಡವಿದರು. ಅಪ್ಪ ಆ ಜಗಲಿಯ ಅಂಚಿನಲ್ಲಿ ಕೂತು ಅವಲಕ್ಕಿ ತಿನ್ನುತ್ತ ಹೇಳಿದರು: "ಬಂದು ಗೆದ್ದವರ ಕಮಾನು ಬಿತ್ತು, ಕಾಯುವವರ ಗೋಡೆ ಎದ್ದಿತು. ಜನರ ಭಯ ಎಷ್ಟಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ." ಇಲ್ಲಿ ಅಗೆದಾಗ ಕರೌಸಿಯಸ್‌ನ ನಾಣ್ಯಗಳು ಬಹಳ ಸಿಕ್ಕಿವೆ.

ಸಂಜೆ ಸ್ಯಾಂಡ್‌ವಿಚ್ ಪೇಟೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್ ಮತ್ತು ಬೀನ್ಸ್ ಸುರಿದು ಕೊಟ್ಟರು. ಅಪ್ಪ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡರು. ಬಡಿಸಿದ ಹುಡುಗಿ ಇದೇನೆಂದು ಕೇಳಿ ಒಂದು ಚಿಟಿಕೆ ನೆಕ್ಕಿ ನೋಡಿದಳು, ಹೋಗಿ ಇನ್ನೊಬ್ಬಳನ್ನೂ ಕರೆತಂದಳು.

ಎರಡನೆಯ ದಿನ: ಡೋವರ್, ಪೆವೆನ್ಸಿ

ಬೆಳಿಗ್ಗೆ ಡೋವರ್ ಗುಡ್ಡದ ಮೇಲೆ ಗಾಳಿ ನಮ್ಮನ್ನು ನಿಲ್ಲಗೊಡಲಿಲ್ಲ. ನನ್ನ ಕೊಡೆಯ ಕಡ್ಡಿಗಳೆಲ್ಲ ಒಂದೇ ಏಟಿಗೆ ತಿರುಚಿ ಮುರಿದವು. ಕೋಟೆಯ ಒಳಗೆ ಹಳೆಯ ಚರ್ಚಿಗೆ ಒತ್ತಿಕೊಂಡು ರೋಮನ್ ದೀಪಸ್ತಂಭ ನಿಂತಿದೆ. ಹೊರಗಿನಿಂದ ಎಂಟು ಮುಖ, ಒಳಗೆ ಚೌಕ. ಇದರ ಜೋಡಿ ದೀಪ ಎದುರು ದಡದ ಬುಲೋನ್‌ನಲ್ಲಿ ಉರಿಯುತ್ತಿತ್ತು. ಆ ಸ್ತಂಭ 1644ರಲ್ಲಿ ಕುಸಿದುಬಿತ್ತು.

ಮೋಡ ಸರಿದು ಫ್ರಾನ್ಸ್ ದಡ ತೆಳ್ಳಗೆ ಬಿಳಿ ಗೆರೆಯಾಗಿ ಕಂಡಿತು. ಅದೇ ಹೊತ್ತಿಗೆ ನನ್ನ ಮೊಬೈಲಿಗೆ ಫ್ರಾನ್ಸಿಗೆ ಸ್ವಾಗತ ಎಂಬ ಸಂದೇಶ ಬಂತು. ಎದುರು ದಡದ ಸಂಕೇತ ಇಲ್ಲಿಯವರೆಗೂ ಬರುತ್ತದೆ. ಇಲ್ಲಿಗೆ ಬರುವವರು ರೋಮಿಂಗ್ ಮುಚ್ಚಿಟ್ಟುಕೊಳ್ಳುವುದು ಒಳ್ಳೆಯದು, ನನಗೆ ಅಂದು ಸ್ವಲ್ಪ ದುಡ್ಡು ಹೋಯಿತು. ಆದರೆ ಆ ಸಂದೇಶ ನೋಡಿದಾಗ ಕರೌಸಿಯಸ್‌ನ ರಾಜ್ಯ ನನಗೆ ಅರ್ಥವಾಯಿತು. ಭೂಪಟದಲ್ಲಿ ನಾವು ಕಡಲನ್ನು ಗಡಿಯೆಂದು ನೋಡುತ್ತೇವೆ. ಹಡಗಿನಲ್ಲಿ ಬೆಳೆದವನಿಗೆ ಈ 33 ಕಿಲೋಮೀಟರ್ ನೀರು ಮನೆಯ ಅಂಗಳ. ಎರಡೂ ದೀಪ ಅವನವೇ ಆಗಿದ್ದವು. 289ರಲ್ಲಿ ಮ್ಯಾಕ್ಸಿಮಿಯನ್ ಹಡಗು ಕಟ್ಟಿಸಿ ಕಳಿಸಿದ, ಆ ದಂಡಯಾತ್ರೆ ಸೋತಿತು. 293ರಲ್ಲಿ ಹೊಸ ಸೀಸರ್, ಅಂದರೆ ಕಿರಿಯ ಚಕ್ರವರ್ತಿ, ಕಾನ್‌ಸ್ಟಾಂಟಿಯಸ್ ಬಂದವನು ಹಡಗಿಗೆ ಹಡಗು ಕೊಟ್ಟು ಕಾದಾಡಲಿಲ್ಲ. ಬುಲೋನ್ ಬಂದರಿನ ಬಾಯಿಗೆ ಒಡ್ಡು ಹಾಕಿ ಊರನ್ನು ಕಡಲಿನಿಂದಲೇ ಬೇರ್ಪಡಿಸಿದ. ಊರು ಶರಣಾಯಿತು. ಅದೇ ವರ್ಷ ಕರೌಸಿಯಸ್‌ನನ್ನು ಅವನ ಹಣಕಾಸು ನೋಡುತ್ತಿದ್ದ ಅಲೆಕ್ಟಸ್ ಕೊಂದು ಪಟ್ಟವೇರಿದ.

ಅಪ್ಪ ಬಹಳ ಹೊತ್ತು ಆ ಬಿಳಿ ಗೆರೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕೇಳಿದರು: "ಅವನ ಬಗ್ಗೆ ಬರೆದವರೆಲ್ಲ ಯಾರು?" ಅವನ ಕಾಲಕ್ಕೆ ಹತ್ತಿರದ ಬರಹಗಳೆಂದರೆ ಅವನನ್ನು ಸೋಲಿಸಲು ಹೊರಟ ಚಕ್ರವರ್ತಿಗಳ ಆಸ್ಥಾನದ ಹೊಗಳಿಕೆಯ ಭಾಷಣಗಳು ಎಂದೆ. ಅವುಗಳಲ್ಲಿ ಅವನು ಕಡಲ್ಗಳ್ಳ, ಅಷ್ಟೆ. "ಹಾಗಾದರೆ ಅವನ ಮಾತು ಅವನ ಬಾಯಿಂದಲೇ ಕೇಳಬೇಕು, ಎಲ್ಲಾದರೂ ಇದ್ದೀತು" ಎಂದರು. ನಮ್ಮ ಉಳಿದ ಪ್ರವಾಸ ಆ ಒಂದು ಮಾತಿನ ಹಿಂದೆ ಹೋಯಿತು.

ಪೆವೆನ್ಸಿ ತಲುಪುವಾಗ ಬಿಸಿಲು ಇಳಿಮುಖವಾಗಿತ್ತು. ಮೊಟ್ಟೆಯಾಕಾರದ ದೊಡ್ಡ ಕೋಟೆ. ರೋಮನ್ ಗೋಡೆಯ ಒಳಗೆ ನಾರ್ಮನ್ನರು ಕಟ್ಟಿಕೊಂಡ ಚಿಕ್ಕ ಕೋಟೆ, ಅದರ ಕಲ್ಲಿನಲ್ಲಿ ಕಣ್ಣಿಗೆ ಬೀಳದಂತೆ ಅಡಗಿಸಿದ 1940ರ ಬಂದೂಕಿನ ಗೂಡುಗಳು. 1066ರಲ್ಲಿ ಇಂಗ್ಲೆಂಡನ್ನು ಗೆಲ್ಲಲು ನಾರ್ಮನ್ನರ ವಿಲಿಯಂ ಬಂದಿಳಿದದ್ದೂ ಈ ಊರಿನಲ್ಲೇ. ಹೊರಗೋಡೆಯ ಅಂಗಳಕ್ಕೆ ಟಿಕೆಟ್ ಇಲ್ಲ, ಊರಿನವರು ದಿನವೂ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಟುಹೋಗುತ್ತಾರೆ. ಶಾಲೆಯ ಚೀಲ ಹೊತ್ತ ಮಕ್ಕಳು ಹುಲ್ಲಿನಲ್ಲಿ ಚೆಂಡು ಒದೆಯುತ್ತಿದ್ದರು. ಈ ಗೋಡೆಯ ಬುನಾದಿಯ ಕೆಳಗೆ ನೆಟ್ಟಿದ್ದ ಓಕ್ ಮರದ ಗೂಟಗಳ ಉಂಗುರಗಳನ್ನು ಎಣಿಸಿದವರು, ಆ ಮರಗಳನ್ನು ಕಡಿದದ್ದು 280 ಮತ್ತು 300ರ ನಡುವೆ ಎಂದು ಕಂಡುಕೊಂಡರು. ಬುನಾದಿಯಲ್ಲೇ ಸಿಕ್ಕ ನಾಣ್ಯಗಳು ಕರೌಸಿಯಸ್ ಮತ್ತು ಅಲೆಕ್ಟಸರವು. ಯಜಮಾನನನ್ನು ಕೊಂದವನ ಕಾಲದಲ್ಲಿ, ಯುದ್ಧ ಇಂದೋ ನಾಳೆಯೋ ಎಂದು ಕಾಯುತ್ತ ಎದ್ದ ಗೋಡೆ ಇದು.

ಮೂರನೆಯ ದಿನ: ಪೋರ್ಟ್ಸ್‌ಡೌನ್ ಗುಡ್ಡ, ಪೋರ್ಚೆಸ್ಟರ್

ಬೆಳಿಗ್ಗೆ ಬೇಗ ಹೊರಟರೂ ದಾರಿಯುದ್ದಕ್ಕೂ ಮಂಜು. ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಪೋರ್ಟ್ಸ್‌ಮತ್ ಊರಿನ ಹಿಂದಿನ ಪೋರ್ಟ್ಸ್‌ಡೌನ್ ಗುಡ್ಡ ಹತ್ತಿದರೆ ಬಂದರು, ಕಡಲು, ಅದರಾಚೆಗೆ ವೈಟ್ ದ್ವೀಪ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ ಎಂದು ಕೇಳಿದ್ದೆ. ಹತ್ತಿ ನಿಂತಾಗ ಕಾಲ ಬುಡದ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಗಾಡಿಯಲ್ಲಿ ಚಹಾ ಮಾರುತ್ತಿದ್ದವನು, "ಹನ್ನೊಂದರವರೆಗೆ ಏಳುವುದಿಲ್ಲ, ಕೂತುಕೊಳ್ಳಿ" ಎಂದ.

ನನಗೆ ನಿರಾಸೆಯಾಗಿತ್ತು. ಅಪ್ಪನಿಗೆ ಆಗಲಿಲ್ಲ. 296ರಲ್ಲಿ ನಡೆದದ್ದು ಇದೇ ಅಲ್ಲವೇ ಎಂದರು. ಕಾನ್‌ಸ್ಟಾಂಟಿಯಸ್‌ನ ಸೇನಾಪತಿ ಆಸ್ಕ್ಲೆಪಿಯೊಡೋಟಸ್ ಹಡಗುಗಳೊಂದಿಗೆ ಬಂದಾಗ ಅಲೆಕ್ಟಸ್‌ನ ನೌಕಾಪಡೆ ವೈಟ್ ದ್ವೀಪದ ಹತ್ತಿರ ಹೊಂಚು ಹಾಕಿ ಕಾದಿತ್ತು. ಮಂಜು ಇಳಿಯಿತು. ಒಂದು ಪಡೆ ಇನ್ನೊಂದರ ಪಕ್ಕದಲ್ಲೇ ಹಾದುಹೋಯಿತು, ಕಾದವರಿಗೆ ತಿಳಿಯಲೇ ಇಲ್ಲ. ದಡಕ್ಕಿಳಿದವನು ಹಿಂದೆ ಹೋಗುವ ಆಸೆಯೇ ಸೈನಿಕರಿಗೆ ಇರಬಾರದೆಂದು ತನ್ನ ಹಡಗುಗಳನ್ನೇ ಸುಟ್ಟ. ಅವಸರದಲ್ಲಿ ಎದುರಿಸಲು ಓಡಿಬಂದ ಅಲೆಕ್ಟಸ್ ಸತ್ತ, ಮೈಮೇಲೆ ರಾಜವಸ್ತ್ರವೂ ಇರಲಿಲ್ಲವಂತೆ. ಕಡಲನ್ನು ಅಂಗಳ ಮಾಡಿಕೊಂಡವರ ರಾಜ್ಯ ಕಡಲಿನ ಮೇಲೆ ಸೋಲಲಿಲ್ಲ, ಒಂದು ಬೆಳಗಿನ ಮಂಜಿಗೆ ಹೋಯಿತು. ಬಿಸಿ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು, ಎದುರಿಗಿದ್ದ ಕಡಲು ಕಾಣದೆ ನಿಂತಾಗ ಅದು ನನ್ನ ಮೈಗೆ ತಾಗಿತು.

ಹನ್ನೊಂದೂವರೆಗೆ ಪೋರ್ಚೆಸ್ಟರಿಗೆ ಇಳಿದೆವು. ಇಲ್ಲಿಗೆ ಬರುವವರು ಉಬ್ಬರದ ವೇಳೆ ನೋಡಿಕೊಂಡು ಬರಬೇಕು. ನೀರು ತುಂಬಿದಾಗ ಕಡಲು ನೇರ ಗೋಡೆಯ ಕಾಲಿಗೆ ಬಂದು ಮುಟ್ಟುತ್ತದೆ, ಇಳಿತದಲ್ಲಿ ಬರೀ ಕೆಸರು. ನಮಗೆ ಉಬ್ಬರ ಸಿಕ್ಕಿತು. 1,700 ವರ್ಷದ ಗೋಡೆ ಚೌಕವಾಗಿ, ಸುಮಾರು 6 ಮೀಟರ್ ಎತ್ತರದಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಂತಿದೆ. ಹೊರಕ್ಕೆ ಉಬ್ಬಿದ ಅರ್ಧವೃತ್ತದ ಬುರುಜುಗಳು. ಒಂದು ಮೂಲೆಯಲ್ಲಿ ನಾರ್ಮನ್ ಕೋಟೆ, ಎದುರು ಮೂಲೆಯಲ್ಲಿ ಚರ್ಚು, ಉಳಿದದ್ದೆಲ್ಲ ಹಸಿರು. ಇದನ್ನು ಕಟ್ಟಿದ್ದು 285ರಿಂದ 290ರ ಆಸುಪಾಸು, ಅಂದರೆ ಕರೌಸಿಯಸ್‌ನ ದಿನಗಳಲ್ಲಿ. ನಾನು ಕಂಡ ರೋಮನ್ ಗೋಡೆಗಳಲ್ಲಿ ಇಷ್ಟು ಇಡಿಯಾಗಿ ಉಳಿದದ್ದು ಬೇರೊಂದಿಲ್ಲ.

ಕಡಲಿನ ಬದಿಯ ಬೆಂಚಿನಲ್ಲಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚುತ್ತ ಕೂತಿದ್ದಾಗ ಪಕ್ಕಕ್ಕೆ ಹಿರಿಯರೊಬ್ಬರು ಬಂದು ಕೂತರು. ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿಂದ ಬಂದಿರಿ, ಏನು ನೋಡಿದಿರಿ ಎಂದು ವಿಚಾರಿಸಿದರು. ನಾನು ಕರೌಸಿಯಸ್‌ನ ಹೆಸರೆತ್ತಿದ ಕೂಡಲೇ ಅವರ ಮುಖ ಬೆಳಗಿತು. "ನಮ್ಮವನು" ಎಂದರು. ಕೋಟಿನ ಒಳಜೇಬಿನಿಂದ ಪುಟ್ಟ ಡಬ್ಬಿ ತೆಗೆದರು. ಅದರಲ್ಲಿ ಹತ್ತಿಯ ಮೇಲೆ ಒಂದು ತಾಮ್ರದ ನಾಣ್ಯ. ನಾಣ್ಯದ ಅಂಗಡಿಯಲ್ಲಿ ಕೊಂಡು ಮೂವತ್ತು ವರ್ಷವಾಯಿತಂತೆ.

ಅದನ್ನು ತೆಗೆದು ಅಪ್ಪನ ಅಂಗೈಯಲ್ಲಿ ಇಟ್ಟರು. ನಮ್ಮ ಎರಡು ರೂಪಾಯಿಗಿಂತ ಚಿಕ್ಕದು, ಅಂಚು ದುಂಡಗಿಲ್ಲ, ಒಂದು ಕಡೆ ಸೀಳಿದೆ. ಮಾಸಿದ ಹಸಿರು. ಬಿಸಿಲಿಗೆ ಓರೆ ಹಿಡಿದಾಗ ಮುಖ ಎದ್ದು ಬಂತು: ದಪ್ಪ ಕತ್ತು, ಅಗಲ ದವಡೆ, ಒತ್ತಾದ ಗಡ್ಡ, ತಲೆಯ ಮೇಲೆ ಸೂರ್ಯಕಿರಣದ ಮೊನೆಗಳ ಕಿರೀಟ. ಹೊರೆ ಎತ್ತಿ, ಹಗ್ಗ ಎಳೆದು ಬಲಿತ ಕತ್ತು ಅದು. ಹಿಂದೆ ಶಾಂತಿದೇವತೆ, ಕೈಯಲ್ಲಿ ಆಲಿವ್ ಕೊಂಬೆ, ಸುತ್ತ 'ಪಾಕ್ಸ್ ಆಗ್' ಎಂಬ ಅಕ್ಷರ, ಚಕ್ರವರ್ತಿಯ ಶಾಂತಿ. ಕೆಳಗೆ ಎಂ ಎಲ್ ಎಂಬ ಎರಡು ಅಕ್ಷರ. ಎಲ್ ಎಂದರೆ ಲಂಡನ್ ಟಂಕಸಾಲೆ. ಅಪ್ಪ ಮಾತಾಡಲಿಲ್ಲ. ನಾಣ್ಯವನ್ನು ಹಿಂದಕ್ಕೆ ಕೊಡುವಾಗ ಎರಡೂ ಕೈಯಿಂದ ಕೊಟ್ಟರು.

ಆ ಹಿರಿಯರು ಹೇಳಿದ ಇನ್ನೊಂದು ಸಂಗತಿಯಿಂದ ನಾಲ್ಕನೆಯ ದಿನದ ಯೋಜನೆಯೇ ಬದಲಾಯಿತು. ಲಂಡನ್ ಗೋಪುರ ಬಿಡಿ, ಬ್ರಿಟಿಷ್ ಮ್ಯೂಸಿಯಂಗೆ ಹೋಗಿ, ಅವನ ಬೆಳ್ಳಿ ನಾಣ್ಯ ನೋಡಿ ಎಂದರು.

ನಾಲ್ಕನೆಯ ದಿನ: ಲಂಡನ್

ರಾತ್ರಿ ಮನೆಗೆ ಬಂದು ಕಾರು ಬಿಟ್ಟು, ಬೆಳಿಗ್ಗೆ ರೈಲಿನಲ್ಲಿ ಹೋದೆವು. ಮ್ಯೂಸಿಯಂನಲ್ಲಿ ಬಾಗಿಲು ತೆರೆದ ಹತ್ತು ನಿಮಿಷಕ್ಕೇ ರೋಮನ್ ಬ್ರಿಟನ್ ಕೋಣೆಗೆ ನೇರವಾಗಿ ಹೋದರೆ ಜನ ಇರುವುದಿಲ್ಲ. ಎಲ್ಲರೂ ಮೊದಲು ಈಜಿಪ್ಟಿನ ಕಡೆಗೆ ಓಡುತ್ತಾರೆ.

ಆ ಕಾಲಕ್ಕೆ ರೋಮಿನ 'ಬೆಳ್ಳಿ' ನಾಣ್ಯ ಹೆಸರಿಗೆ ಮಾತ್ರ ಬೆಳ್ಳಿ, ಒಳಗೆಲ್ಲ ತಾಮ್ರ. ಕರೌಸಿಯಸ್ ಮತ್ತೆ ಅಪ್ಪಟ ಬೆಳ್ಳಿಯಲ್ಲಿ ಟಂಕಿಸಿದ. ಸೈನಿಕನಿಗೆ ಸಂಬಳ ಕೊಡುವವನು ಅವನ ನಂಬಿಕೆ ಗಳಿಸುವುದಕ್ಕೆ ಇದಕ್ಕಿಂತ ನೇರ ದಾರಿ ಯಾವುದಿದೆ? ಒಂದು ನಾಣ್ಯದಲ್ಲಿ ಬ್ರಿಟಾನಿಯಾ ದೇವಿ ಅವನ ಕೈ ಹಿಡಿದು ನಿಂತಿದ್ದಾಳೆ, ಸುತ್ತ 'ಎಕ್ಸ್‌ಪೆಕ್ಟಾಟೆ ವೆನಿ', ಎದುರುನೋಡುತ್ತಿದ್ದವನೇ ಬಾ. ಕೆಲವು ಬೆಳ್ಳಿ ನಾಣ್ಯಗಳ ಅಡಿಯಲ್ಲಿ ಆರ್ ಎಸ್ ಆರ್ ಎಂಬ ಮೂರು ಅಕ್ಷರ. ಅದು ಖಜಾನೆ ಅಧಿಕಾರಿಯ ಹುದ್ದೆಯ ಗುರುತೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಒಂದು ಪದಕದ ಮೇಲೆ ಐ ಎನ್ ಪಿ ಸಿ ಡಿ ಎ ಎಂಬ ಆರು ಅಕ್ಷರಗಳೂ ಇದ್ದವು, ಅವು ಯಾರಿಗೂ ಬಿಡಿಸಲಾಗದ ಒಗಟು. 1990ರ ದಶಕದಲ್ಲಿ ಗಂಟು ಬಿಚ್ಚಿತು: ಎರಡನ್ನೂ ಸೇರಿಸಿದರೆ ರೋಮನ್ ಕವಿ ವರ್ಜಿಲನ ಎರಡು ಸಾಲುಗಳ ಪದಗಳ ಮೊದಲಕ್ಷರಗಳು, ಒಂದರ ಹಿಂದೆ ಒಂದು ಬರುವ ಸಾಲುಗಳು. ಸುವರ್ಣಯುಗ ಮರಳುತ್ತಿದೆ, ಆಗಸದಿಂದ ಹೊಸ ಪೀಳಿಗೆ ಇಳಿದುಬರುತ್ತಿದೆ ಎಂದು ಅವುಗಳ ಅರ್ಥ.

"ಕಡಲ್ಗಳ್ಳನ ನಾಣ್ಯದಲ್ಲಿ ಕಾವ್ಯ" ಎಂದರು ಅಪ್ಪ. ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂತು. ಪಕ್ಕದಲ್ಲಿದ್ದ ಕಾವಲುಗಾರ ತಿರುಗಿ ನೋಡಿ ನಕ್ಕ. ಇನ್ನೊಂದು ನಾಣ್ಯದ ಕಥೆಯನ್ನು ನಾನು ಹೇಳಿದೆ: ಅದರಲ್ಲಿ ಒಂದರ ಪಕ್ಕ ಒಂದು ಮೂರು ಮುಖ, 'ಕರೌಸಿಯಸ್ ಮತ್ತು ಅವನ ಸಹೋದರರು' ಎಂಬ ಬರಹ. ಸಹೋದರರೆಂದರೆ ರೋಮಿನ ಆಗಿನ ಇಬ್ಬರು ಚಕ್ರವರ್ತಿಗಳು, ಡಯೋಕ್ಲೀಷಿಯನ್ ಮತ್ತು ಮ್ಯಾಕ್ಸಿಮಿಯನ್. ತನ್ನನ್ನು ಕೊಲ್ಲಲು ಆಜ್ಞೆ ಮಾಡಿದವನನ್ನು ಅವನು ಅಣ್ಣತಮ್ಮನೆಂದು ಕರೆದ. ಅವರು ಅವನನ್ನು ಹಾಗೆ ಒಂದು ದಿನವೂ ಕರೆಯಲಿಲ್ಲ. ಬೇರೆ ದೇಶ ಕಟ್ಟುವುದು ಅವನ ಆಸೆಯಾಗಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು. ರೋಮ್ ಎಂಬ ಮನೆಯೊಳಗೆ ತನಗೂ ಒಂದು ಕೋಣೆ ಬೇಕೆಂದು ಅವನು ಕೇಳುತ್ತಿದ್ದ.

ಮಧ್ಯಾಹ್ನ ಸೇಂಟ್ ಪಾಲ್ಸ್‌ನಿಂದ ಥೇಮ್ಸ್ ಕಡೆಗೆ ಇಳಿಯುವ ಪೀಟರ್ಸ್ ಹಿಲ್ ದಾರಿಯಲ್ಲಿ ನಡೆದೆವು. ಈ ಕಟ್ಟಡಗಳ ಕೆಳಗೆ ಅಗೆದಾಗ ಒಂದು ಭಾರೀ ರೋಮನ್ ಕಟ್ಟಡದ ಬುನಾದಿ ಸಿಕ್ಕಿತು. ಅದರ ಓಕ್ ಗೂಟಗಳನ್ನು ಕಡಿದದ್ದು 293ರ ಚಳಿಗಾಲ ಮತ್ತು 294ರ ವಸಂತದ ನಡುವೆ. ಅಲೆಕ್ಟಸ್ ಪಟ್ಟಕ್ಕೆ ಬಂದ ಮೊದಲ ತಿಂಗಳುಗಳವು. ಮೇಲೆ ನೋಡಲು ಏನೂ ಇಲ್ಲ. ಕಚೇರಿಯ ಜನ ಊಟದ ಪೊಟ್ಟಣ ಹಿಡಿದು ಸೇತುವೆಯ ಕಡೆಗೆ ಹೋಗುತ್ತಿದ್ದರು. ಅಪ್ಪ ಬೂಟಿನಿಂದ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

ಐದನೆಯ ದಿನ: ಕಾರ್ಲೈಲ್

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಉತ್ತರಕ್ಕೆ ಮೂರೂವರೆ ಗಂಟೆಯ ದಾರಿ. ನಮ್ಮ ರೈಲು ರದ್ದಾಗಿ ಮುಂದಿನದರಲ್ಲಿ ಪ್ರೆಸ್ಟನ್‌ವರೆಗೆ ನಿಂತೇ ಹೋದೆವು. ಒಬ್ಬ ಕಾಲೇಜು ಹುಡುಗ ಅಪ್ಪನಿಗೆ ಜಾಗ ಬಿಟ್ಟುಕೊಟ್ಟ. ಲ್ಯಾಂಕಸ್ಟರ್ ದಾಟಿದ ಮೇಲೆ ಬಲಕ್ಕೂ ಎಡಕ್ಕೂ ಬೋಳು ಬೆಟ್ಟಗಳು ಎದ್ದವು, ಕಲ್ಲಿನ ಬೇಲಿಗಳ ನಡುವೆ ಹೊಸದಾಗಿ ಹುಟ್ಟಿದ ಕುರಿಮರಿಗಳು. ಈ ಪ್ರಯಾಣ ಮಾಡುವವರು ಎಡಗಡೆ ಕಿಟಕಿ ಹಿಡಿದರೆ ಸ್ವಲ್ಪ ಹೊತ್ತು ಕಡಲೂ ಕಾಣುತ್ತದೆ.

ಇಷ್ಟು ದೂರ ಬಂದದ್ದು ಒಂದು ಕಲ್ಲಿಗಾಗಿ. ಕಾರ್ಲೈಲ್ ಊರಿನ ದಕ್ಷಿಣಕ್ಕೆ ಪೆಟೆರಿಲ್ ಎಂಬ ಪುಟ್ಟ ನದಿಯ ಪಾತ್ರದಲ್ಲಿ 1894ರಲ್ಲಿ ಒಂದು ರೋಮನ್ ಮೈಲಿಗಲ್ಲು ಸಿಕ್ಕಿತು. ಕರೌಸಿಯಸ್‌ನ ಹೆಸರಿರುವ ಕಲ್ಲಿನ ಶಾಸನ ಇದೊಂದೇ. ಟಲ್ಲಿ ಹೌಸ್ ಮ್ಯೂಸಿಯಂನಲ್ಲಿದೆ. ತಡವಾಗಿ ತಲುಪಿದ್ದರಿಂದ ಬಾಗಿಲು ಮುಚ್ಚಲು ಮುಕ್ಕಾಲು ಗಂಟೆ ಮಾತ್ರ ಉಳಿದಿತ್ತು.

ಉದ್ದನೆಯ ಒರಟು ಕಂಬ. ಎರಡೂ ತುದಿಯಲ್ಲಿ ಬರಹವಿದೆ, ಒಂದಕ್ಕೊಂದು ತಲೆಕೆಳಗು. ಒಂದು ತುದಿಯಲ್ಲಿ ಕರೌಸಿಯಸ್. ಅವನು ಹೋದ ಹದಿಮೂರು ಹದಿನಾಲ್ಕು ವರ್ಷಕ್ಕೆ ಯಾರೋ ಕಲ್ಲನ್ನು ಕಿತ್ತು, ತಿರುಗಿಸಿ, ಅವನ ಹೆಸರಿದ್ದ ತುದಿಯನ್ನು ಮಣ್ಣಿಗೆ ನೆಟ್ಟು, ಮೇಲೆ ಬಂದ ತುದಿಯಲ್ಲಿ ಕಾನ್‌ಸ್ಟಾಂಟೈನನ ಹೆಸರು ಕೆತ್ತಿದರು. ಅದೇ ಕಾನ್‌ಸ್ಟಾಂಟಿಯಸ್‌ನ ಮಗ. ಉಳಿಯಿಂದ ಅಳಿಸಿದ್ದರೆ ಹೆಸರು ಹೋಗಿರುತ್ತಿತ್ತು. ಹೂತದ್ದರಿಂದ ಮಳೆಗಾಳಿ ಅದನ್ನು ಮುಟ್ಟಲಿಲ್ಲ.

ಬಳ್ಳಿಗಾವಿಯಲ್ಲಿ ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸಿ ಓದಿಸುತ್ತಿದ್ದ ಅಪ್ಪ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಒಂದೊಂದೇ ಅಕ್ಷರ ಬರೆದುಕೊಂಡರು. ಇಂಪ್. ಸಿ. ಎಂ. ಆವ್ರ್. ಮಾವ್ಸ್. ಕರೌಸಿಯೊ. ಪಿ. ಎಫ್. ಇನ್ವಿಕ್ಟೊ ಆವ್ಗ್.

"ಕೊನೆಯಲ್ಲಿ ಓ ಯಾಕೆ ಬಂತು? ಕರೌಸಿಯಸ್ ಎಂದಲ್ಲವೇ ಹೆಸರು?" ಎಂದು ಕೇಳಿದರು.

ಅಲ್ಲಿದ್ದ ಸಿಬ್ಬಂದಿಯ ಹೆಂಗಸು, ಲ್ಯಾಟಿನ್ ಓದಿದವರು, ನಾನು ಕೇಳಿದ್ದಕ್ಕೆ ವಿವರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪನಿಗೆ ತಿಳಿದುಹೋಗಿತ್ತು.

"ಚತುರ್ಥಿ ವಿಭಕ್ತಿ. ಕರೌಸಿಯಸ್‌ನಿಗೆ. ಅವನಿಗಾಗಿ ನೆಟ್ಟ ಕಲ್ಲು, ಪುಟ್ಟಿ."

ಪುಸ್ತಕದಲ್ಲಿ ಆ ಸಾಲಿನ ಕೆಳಗೆ, ಕಪ್ಪು ಹಲಗೆಯ ಮೇಲೆ ಬರೆಯುವಾಗಿನ ಅದೇ ದುಂಡು ಅಕ್ಷರದಲ್ಲಿ, 'ಸೋಲರಿಯದ ಚಕ್ರವರ್ತಿ ಕರೌಸಿಯಸ್‌ನಿಗೆ' ಎಂದು ಬರೆದರು. ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಿದ್ದ ಆ ಹೆಂಗಸು ನಮ್ಮ ತಲೆಯ ಮೇಲಿನ ದೀಪವನ್ನು ಕೊನೆಗೆ ಇಟ್ಟುಕೊಂಡರು.